ಬಿಭಾ: ಒಂದು ಮಂದ ತಾರೆಯ ಹೆಸರಿನ ಹಿಂದೆ

ಮಖಾ, ಚಿತ್ತಾ, ಸ್ವಾತಿ ಎಂಬ ಹೆಸರುಗಳು ಪಂಚಾಂಗ ನೋಡುವ ನಮಗೆಲ್ಲ ಪರಿಚಿತವೇ. 'ಬಿಭಾ' ಮಾತ್ರ ತೀರ ಹೊಸದು. ಅದುವರೆಗೆ ಎಚ್.ಡಿ. 86081 ಎಂಬ ಬರಿಯ ಸಂಖ್ಯೆಯಾಗಿದ್ದ ಹಳದಿ ಮಿಶ್ರಿತ ಬಿಳಿಯ ತಾರೆಗೆ, ಭಾರತೀಯರು ಸೂಚಿಸಿದ ಈ ಹೆಸರನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2019ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಅದನ್ನು ಎರಡು ದಿನಕ್ಕೆ ತುಸು ಹೆಚ್ಚು ಅವಧಿಯಲ್ಲಿ ಸುತ್ತುವ ಗ್ರಹ 'ಸಂತಮಸ'ವಾಯಿತು. ಹಳಗನ್ನಡ ಓದಿದವರಿಗೆ ಆ ಕತ್ತಲೆ ಹೊಸದೇನಲ್ಲ.

ಬಿಭಾ ಚೌಧುರಿ (1913–1991) ಕಲಕತ್ತೆಯ ಭೌತವಿಜ್ಞಾನಿ. ಡಿ. ಎಂ. ಬೋಸರೊಡನೆ ಹಿಮಾಲಯದ ಎತ್ತರಗಳಲ್ಲಿ ಛಾಯಾಚಿತ್ರ ಫಲಕಗಳನ್ನಿಟ್ಟು, ವಿಶ್ವಕಿರಣಗಳ ಜಾಡು ಹಿಡಿದು, 1940ರಿಂದ 1942ರವರೆಗೆ 'ನೇಚರ್' ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಯುದ್ಧಕಾಲದಲ್ಲಿ ಹೆಚ್ಚು ಸೂಕ್ಷ್ಮವಾದ ಫಲಕಗಳು ದೊರೆಯದೆ ಕೆಲಸ ನಿಂತಿತು. ಮುಂದೆ ಅದೇ ಬಗೆಯ ವಿಧಾನವನ್ನು ಉತ್ತಮ ಫಲಕಗಳಿಂದ ಬೆಳೆಸಿದ ಇಂಗ್ಲೆಂಡಿನ ಪೊವೆಲ್‌ಗೆ 1950ರ ನೊಬೆಲ್ ಬಂತು. ಬಿಭಾ ಅವರಿಗೆ ಬದುಕಿದ್ದಾಗ ದೊಡ್ಡ ಗೌರವವೊಂದೂ ಬರಲಿಲ್ಲ. ಇದು ಅನ್ಯಾಯವೆಂದೇ ನಮ್ಮ ಎಣಿಕೆ.

ಮ್ಯಾಂಚೆಸ್ಟರಿನಿಂದ ಮರಳಿದ ಅವರನ್ನು 1949ರಲ್ಲಿ ಹೋಮಿ ಭಾಭಾ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆಸಿಕೊಂಡರು. ಅಲ್ಲಿನ ಮೊದಲ ಮಹಿಳಾ ಸಂಶೋಧಕಿ ಅವರೇ. ಆ ಸಂಸ್ಥೆಯೂ ನಮ್ಮಂತೆಯೇ ವಲಸೆ ಬಂದದ್ದು ಎಂಬುದನ್ನು ಇಲ್ಲಿ ನೆನೆಯಬಹುದು. 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಅದೇ ವರ್ಷ ಮುಂಬಯಿ ಸೇರಿತು! ಮುಂದೆ ಬಿಭಾ ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲೂ ಭಾಗಿಯಾದರು. ನೆಲದಾಳದ ಆ ಗಣಿಯಲ್ಲೇ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು.

ಇನ್ನು ತಾರೆಯನ್ನು ನೋಡುವ ಬಗೆ. ಯುಗಾದಿಯ ಆಸುಪಾಸಿನ ರಾತ್ರಿಗಳೇ ಪ್ರಶಸ್ತ. ಅಮಾವಾಸ್ಯೆ ಆಗತಾನೇ ಕಳೆದಿರುವುದರಿಂದ ಚಂದ್ರನ ಕಾಟವಿರದು. ಒಂಬತ್ತೂವರೆಯ ಸುಮಾರಿಗೆ ದಕ್ಷಿಣಕ್ಕೆ ಮುಖಮಾಡಿ ನಿಂತರೆ ನೆತ್ತಿಯ ಬಳಿ ಮಖಾ, ಅದರ ಕೆಳಗೆ ತುಸು ಬಲಕ್ಕೆ ಕೆಂಪು ಛಾಯೆಯ ಒಂಟಿ ತಾರೆ ಆಲ್ಫಾರ್ಡ್. ಆಲ್ಫಾರ್ಡಿನಿಂದ ಮೇಲಕ್ಕೆ ಎಡಗಡೆ, ಕೈ ಚಾಚಿ ಹಿಡಿದ ಮುಷ್ಟಿಯ ಅಗಲಕ್ಕಿಂತ ಸ್ವಲ್ಪ ಕಡಿಮೆ ದೂರ ಸರಿದರೆ ಸೆಕ್ಸ್‌ಟನ್ಸ್ ಎಂಬ ಸಪ್ಪೆ ರಾಶಿಯಲ್ಲಿ ಬಿಭಾ ಇದ್ದಾಳೆ. ಆದರೆ ಬರಿಗಣ್ಣಿಗಲ್ಲ. ಆಕೆಯ ಕಾಂತಿಮಾನ 8.7, ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ ಕಾಣುವ ಕೊನೆಯ ತಾರೆಗಿಂತ ಸುಮಾರು ಹನ್ನೆರಡು ಪಟ್ಟು ಮಂದ. ಪಾಮ್ ಬೀಚ್ ರಸ್ತೆಯ ದೀಪಗಳ ನಡುವೆ ನೆರೂಳಿನ ಮಹಡಿಯಿಂದ ಹುಡುಕಲು ಮೂರು ನಾಲ್ಕು ಅಂಗುಲದ ದೂರದರ್ಶಕವೂ ನಕ್ಷತ್ರನಕ್ಷೆಯೂ ಬೇಕು. ದುರ್ಬೀನು ಮಾತ್ರ ಇರುವವರು ಠಾಣೆಯಲ್ಲಿ ಗಾಡಿ ಬದಲಿಸಿ, ಕರ್ಜತ್ ಕಡೆಯ ವಾಂಗಣಿಗೆ ಹೋಗುವುದು ಲೇಸು.