ಅಂತರ್ಜಾಲ ದೂರವಾಣಿ: ಪೇಟೆಂಟ್ ಪರವಾನಗಿ ಬೇಡಿಕೆಗಳ ಇತಿಹಾಸ

ಅಂತರ್ಜಾಲದ ಮೂಲಕ ಧ್ವನಿ ಕರೆ ಸಾಗಿಸುವ ತಂತ್ರಜ್ಞಾನಕ್ಕೆ (ವಿಒಐಪಿ) ಪೇಟೆಂಟುದಾರರು ಕೇಳಿದ ಶುಲ್ಕ, ಪರಿಹಾರಗಳಲ್ಲಿ ಮುಖ್ಯವಾಗಿ ಎರಡು ಬಗೆ: ಧ್ವನಿ ಸಂಕೋಚನದವು, ಕರೆ ಜೋಡಣೆಯವು. ಇವನ್ನು ಒಂದೇ ಎಂದು ಭಾವಿಸುವುದರಿಂದ ಗೊಂದಲ ಹುಟ್ಟಿದೆ.

ಧ್ವನಿ ಸಂಕೋಚನ: ಹಳೆಯ ಜಿ.711 ಕೋಡೆಕ್‌ಗೆ (ಧ್ವನಿಯನ್ನು ಡಿಜಿಟಲ್ ಸಂಕೇತವಾಗಿಸುವ ವಿಧಾನ) ಸೆಕೆಂಡಿಗೆ 64 ಕಿಲೋಬಿಟ್ ಬೇಕು. 1996ರಲ್ಲಿ ಮಾನಕವಾದ ಜಿ.729ಕ್ಕೆ 8 ಕಿಲೋಬಿಟ್ ಸಾಕು. 10 ಮಿಲಿಸೆಕೆಂಡಿನ ಮಾತು 10 ಬೈಟ್‌ಗಳಲ್ಲಿ ಅಡಗುತ್ತದೆ. ಇದರ ಪೇಟೆಂಟ್‌ಗಳು ಫ್ರಾನ್ಸ್ ಟೆಲಿಕಾಂ, ಎನ್‌ಟಿಟಿ, ಕೆನಡಾದ ಶೆರ್‌ಬ್ರುಕ್ ವಿಶ್ವವಿದ್ಯಾಲಯ ಮೊದಲಾದವರ ಕೈಲಿದ್ದವು. ದೂರವಾಣಿ ಕರೆಗಳನ್ನು ನಿರ್ವಹಿಸುವ ಆಸ್ಟರಿಸ್ಕ್ ಮುಕ್ತ ತಂತ್ರಾಂಶವಾಗಿದ್ದರೂ ಅದರಲ್ಲಿ ಜಿ.729 ಬಳಸುವವರು ಡಿಜಿಯಂ ಕಂಪನಿಗೆ ಚಾನೆಲ್‌ಗೆ 10 ಡಾಲರ್ ತೆರುತ್ತಿದ್ದರು.

ಕರೆ ಜೋಡಣೆ: 2006ರಲ್ಲಿ ಅಮೆರಿಕದ ದೂರಸಂಪರ್ಕ ಕಂಪನಿ ವೆರಿಝಾನ್, ಅಲ್ಲಿನ ಅಂತರ್ಜಾಲ ದೂರವಾಣಿ ಕಂಪನಿ ವೊನೇಜ್ ಮೇಲೆ ದಾವೆ ಹೂಡಿತು. ವಾದದ ಕೇಂದ್ರದಲ್ಲಿದ್ದ ಎರಡು ಪೇಟೆಂಟ್‌ಗಳು, ಒತ್ತಿದ ದೂರವಾಣಿ ಸಂಖ್ಯೆಯನ್ನು ಅಂತರ್ಜಾಲ ವಿಳಾಸವಾಗಿ ಬದಲಿಸುವ ವಿಧಾನವನ್ನು ಕುರಿತವು; ಮೂರನೆಯದು ನಿಸ್ತಂತು ಕರೆಗಳದು. ವೆರಿಝಾನ್ ಹಕ್ಕು ಸಾಧಿಸಿದ್ದು ಈ ವಿಧಾನಗಳ ಮೇಲೆಯೇ ಹೊರತು ಇಡೀ ಅಂತರ್ಜಾಲ ದೂರವಾಣಿಯ ಮೇಲಲ್ಲ. 2007ರ ಮಾರ್ಚ್‌ನಲ್ಲಿ ವರ್ಜೀನಿಯಾದ ಜ್ಯೂರಿ 5.8 ಕೋಟಿ ಡಾಲರ್ ಪರಿಹಾರವನ್ನೂ ಮುಂದಿನ ಆದಾಯದಲ್ಲಿ 5.5% ರಾಯಲ್ಟಿಯನ್ನೂ ವಿಧಿಸಿತು. ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಮೊದಲೆರಡು ಪೇಟೆಂಟ್‌ಗಳ ತೀರ್ಪನ್ನು ಎತ್ತಿಹಿಡಿದು, ಮೂರನೆಯದನ್ನೂ ಪರಿಹಾರದ ಮೊತ್ತವನ್ನೂ ಮರುಪರಿಶೀಲನೆಗೆ ಕಳುಹಿಸಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಎರಡೂ ಕಂಪನಿಗಳು ಮಾಡಿಕೊಂಡ ರಾಜಿಯ ಮೊತ್ತ ಕೆಲವೆಡೆ 8 ಕೋಟಿ, ಕೆಲವೆಡೆ 11.75 ಕೋಟಿ, ಕೆಲವೆಡೆ 12 ಕೋಟಿ ಡಾಲರ್ ಎಂದು ಕಾಣುತ್ತದೆ. ಮೂರಕ್ಕೂ ಆಧಾರವಿದೆ. ಎತ್ತಿಹಿಡಿದ ತೀರ್ಪಿನ ಮೇಲೆ ವೊನೇಜ್ ಕೋರಿದ ಮರುವಿಚಾರಣೆಯಲ್ಲಿ ಅದು ಗೆದ್ದರೆ 8 ಕೋಟಿ, ಇಲ್ಲವಾದರೆ 12 ಕೋಟಿ ಎಂಬುದು ಕರಾರು. ಮರುವಿಚಾರಣೆ ಸಿಗಲಿಲ್ಲ. 11.75 ಕೋಟಿ ವೆರಿಝಾನ್‌ಗೆ, 25 ಲಕ್ಷ ದತ್ತಿ ಸಂಸ್ಥೆಗಳಿಗೆ ಎಂದಾಯಿತು. ಅದೇ ತಿಂಗಳು ಇನ್ನೊಂದು ದೂರಸಂಪರ್ಕ ಕಂಪನಿ ಸ್ಪ್ರಿಂಟ್ ಜೊತೆ ವೊನೇಜ್ ಮಾಡಿಕೊಂಡ ರಾಜಿಯೂ 8 ಕೋಟಿಯದೇ ಆದ್ದರಿಂದ ಲೆಕ್ಕ ಇನ್ನಷ್ಟು ಕಲಸಿಹೋಗಿದೆ. ಎಟಿ ಅಂಡ್ ಟಿ ಜೊತೆಗಿನ ವ್ಯಾಜ್ಯ 3.9 ಕೋಟಿಗೆ ಬಗೆಹರಿಯಿತು.

ನಂತರದ ಬೆಳವಣಿಗೆ: 2012ರಲ್ಲಿ ರಾಯಲ್ಟಿರಹಿತ ಓಪಸ್ ಕೋಡೆಕ್ ಮಾನಕವಾಯಿತು. 2016ರಿಂದ ವಿಒಐಪಿ-ಪಾಲ್ ಕಂಪನಿ ಆಪಲ್ ಮೊದಲಾದವರ ಮೇಲೆ ಹೂಡಿದ ದಾವೆಗಳಲ್ಲಿ ಅದರ ಹಲವು ಹಕ್ಕುಗಳನ್ನು, ಅಮೂರ್ತ ಕಲ್ಪನೆಗೆ ಪೇಟೆಂಟ್ ಸಲ್ಲದೆಂದು ನ್ಯಾಯಾಲಯ 2019ರಲ್ಲಿ ತಳ್ಳಿಹಾಕಿತು. ಜಿ.729ರ ಬಹುಪಾಲು ಪೇಟೆಂಟ್‌ಗಳ ಅವಧಿ 2017ರ ಆರಂಭಕ್ಕೆ ಮುಗಿದಿತ್ತು. ಅದೇ ವರ್ಷ ಕರೆ ಜೋಡಣೆಯ ಹಳೆಯ ಪೇಟೆಂಟ್‌ಗಳ ಬಲದಿಂದ ಸ್ಪ್ರಿಂಟ್ ಕಂಪನಿ ಟೈಮ್ ವಾರ್ನರ್ ಕೇಬಲ್ ವಿರುದ್ಧ 13.98 ಕೋಟಿ ಡಾಲರ್ ಪರಿಹಾರ ಗೆದ್ದಿತು. ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಅದನ್ನು ಎತ್ತಿಹಿಡಿಯಿತು.