ನಂಜನಗೂಡಿನ ಇಬ್ಬರು ಅಕ್ಷರವಂತೆಯರು

ವಿದ್ಯೆಯು ಮೊದಲು ಮೇಲಿನ ಮನೆಗಳಲ್ಲಿ ನೆಲೆಸಿ, ಅನಂತರ ಕೆಳಗಿನ ಮನೆಗಳಿಗೆ ಇಳಿದುಬಂತೆಂದು ನಾವು ಸಾಮಾನ್ಯವಾಗಿ ನಂಬಿದ್ದೇವೆ. ಗಂಡಸರ ಮಟ್ಟಿಗೆ ಇದು ಬಹುಪಾಲು ನಿಜವೂ ಹೌದು. ಆದರೆ ಹೆಂಗಸರ ವಿಷಯದಲ್ಲಿ ಮೈಸೂರು ಸೀಮೆಯ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ.

ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿಯ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಯಡಕೆಯ ಸಂಚಿ ಹಿಡಿಯುತ್ತಿದ್ದ ಊಳಿಗದವಳು. ಗೃಹಿಣಿಯ ಧರ್ಮವನ್ನು ಸಾಂಗತ್ಯದಲ್ಲಿ ಹಾಡಿದವಳು ಊಳಿಗದ ಹೆಣ್ಣು. ಅದನ್ನು ತಾವಾಗಿ ಓದಲು ಬಾರದೆ, ಯಾರಾದರೂ ಓದಿದರೆ ಕೇಳಬೇಕಾಗಿದ್ದವರು ಗೃಹಿಣಿಯರು! ಹೆಣ್ಣು ಅಕ್ಷರ ಕಲಿತರೆ ವೈಧವ್ಯ ಬರುತ್ತದೆಂಬ ಅಂಜಿಕೆ ಎಷ್ಟೋ ಮನೆಗಳಲ್ಲಿತ್ತು. ಅದಕ್ಕಿಂತ ಬಲವಾದ ಇನ್ನೊಂದು ಕಾರಣವೂ ಉಂಟು. ಓದು, ಹಾಡು, ಕಾವ್ಯ ಇವೆಲ್ಲ ದೇವಾಲಯದ ಮತ್ತು ಆಸ್ಥಾನದ ಕಲಾವಂತೆಯರ ವೃತ್ತಿವಿದ್ಯೆಯಾಗಿದ್ದವು. ಆದ್ದರಿಂದ ಓದಬಲ್ಲ ಹೆಣ್ಣೆಂದರೆ ಮರ್ಯಾದಸ್ಥರಿಗೆ ಒಂದು ಬಗೆಯ ಅನುಮಾನ.

ಈ ಎರಡು ದಾರಿಗಳೂ ನಂಜನಗೂಡೆಂಬ ಒಂದೇ ಊರಿನಿಂದ ಹೊರಟದ್ದನ್ನು ನೋಡಬಹುದು. 1878ರಲ್ಲಿ ಅಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ದೇವದಾಸಿ ಕುಲದವರು. ಬಾಲ್ಯದಲ್ಲಿಯೇ ಸಂಸ್ಕೃತ, ಸಂಗೀತಗಳ ಪಾಠವಾಯಿತು. ಇದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ, ಕುಲದ ಕಸುಬೇ ಅದು. ಮುಂದೆ ಮದರಾಸಿನಲ್ಲಿ ನೆಲೆಸಿದ ಅವರು, ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಮುದ್ದುಪಳನಿ ಬರೆದ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು ಹಸ್ತಪ್ರತಿಯೊಡನೆ ಹೋಲಿಸಿ, ಹಿಂದಿನ ಅಚ್ಚಿನಲ್ಲಿ ಕೈಬಿಟ್ಟಿದ್ದ ಭಾಗಗಳನ್ನು ಸೇರಿಸಿ 1910ರಲ್ಲಿ ಪ್ರಕಟಿಸಿದರು. ಆ ಕಾವ್ಯವನ್ನು ಅಸಭ್ಯವೆಂದು ಜರೆದಿದ್ದವರು ಬೇರೆ ಯಾರೂ ಅಲ್ಲ, ಸ್ತ್ರೀವಿದ್ಯೆಗಾಗಿ ಹೋರಾಡಿದ ಕಂದುಕೂರಿ ವೀರೇಶಲಿಂಗಂ ಪಂತುಲು! ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ಉಂಟೆ, ಗಂಡಸರಿಗಿಲ್ಲವೆ ಎಂಬುದು ನಾಗರತ್ನಮ್ಮನವರ ಪ್ರಶ್ನೆ. 1911ರಲ್ಲಿ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ಸ್ತ್ರೀವಿದ್ಯೆ ಬೇಕೆಂದವರಿಗೆ ಎಲ್ಲ ಸ್ತ್ರೀಯರ ವಿದ್ಯೆಯೂ ಬೇಕಿರಲಿಲ್ಲವೆಂದೇ ತೋರುತ್ತದೆ.

ಅದೇ ನಂಜನಗೂಡಿನಲ್ಲಿ 1887ರಲ್ಲಿ, ವಕೀಲರೊಬ್ಬರ ಅಯ್ಯಂಗಾರ್ ಮನೆತನದಲ್ಲಿ ತಿರುಮಲಾಂಬ ಹುಟ್ಟಿದರು. ಬಾಲ್ಯದಲ್ಲೇ ಮದುವೆ, ಬಾಲ್ಯ ಕಳೆಯುವ ಮೊದಲೇ ವೈಧವ್ಯ. ಓದಿಗೆ ಆಸರೆಯಾದವರು ತಂದೆ; ಎಲ್ಲವೂ ಮನೆಯೊಳಗೇ. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ ಕಾದಂಬರಿಗಳನ್ನು ಬರೆದರು, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಹೆಸರುಗಳನ್ನು ಗಮನಿಸಿ: ‘ಸತೀಹಿತೈಷಿಣೀ’, ‘ಸುಶೀಲೆ’. ತನ್ನ ಅಕ್ಷರ ಕಲಾವಂತೆಯ ಅಕ್ಷರವಲ್ಲವೆಂದು ಮುಖಪುಟದಲ್ಲಿಯೇ ಸಾರಬೇಕಾಗಿದ್ದ ಕಾಲವದು. ಆ ಮರೆಯಲ್ಲಿ ನಿಂತೇ ಅವರು ಎಷ್ಟೊಂದು ಹೆಂಗಸರನ್ನು ಓದುಗರನ್ನಾಗಿ ಮಾಡಿದರು!

ಇವರಿಬ್ಬರ ನಡುವಣ ಕಾಲದಲ್ಲಿ ಗಾಳಿ ತಿರುಗಿತ್ತು. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಹೆಣ್ಣುಮಕ್ಕಳ ಶಾಲೆ ತೆರೆಯಿತು. ಮೊದಮೊದಲು ಅದು ಮೇಲುಜಾತಿಯ ಹುಡುಗಿಯರಿಗಾಗಿಯೇ ಇದ್ದ ಶಾಲೆ. ಅಲ್ಲಿ ಓದಿನೊಡನೆ ಸಂಗೀತವೂ ಉಂಟು. ನಿನ್ನೆಯವರೆಗೆ ಕಲಾವಂತೆಯ ಗುರುತಾಗಿದ್ದುದು ಕುಲೀನ ವಧುವಿನ ಯೋಗ್ಯತೆಯಾಯಿತು. ಕಲಾವಂತೆಗೆ ಮಾತ್ರ ಸಭ್ಯ ಸಮಾಜದಲ್ಲಿ ಸ್ಥಳ ಇಲ್ಲವಾಗುತ್ತ ಬಂತು.

ಇನ್ನು, ಕಪಿಲೆಯ ದಡದ ಗದ್ದೆಗಳಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು? ಅವರಿಗೆ ಕುಲವಿದ್ಯೆಯ ಬಾಗಿಲೂ ಇಲ್ಲ, ವಕೀಲರ ಮನೆಯ ಪುಸ್ತಕದ ಬೀರುವೂ ಇಲ್ಲ. 1901ರ ಜನಗಣತಿಯಂತೆ ಇಡೀ ದೇಶದಲ್ಲಿ ಅಕ್ಷರ ಬಲ್ಲ ಹೆಂಗಸರು ಸಾವಿರಕ್ಕೆ ಸುಮಾರು 6 ಮಂದಿ. ಉಳಿದ 994 ಮಂದಿಯಲ್ಲಿ ಬೀಸುವ ಪದ, ಸೋಬಾನೆಗಳನ್ನು ನೂರುಗಟ್ಟಲೆ ಬಾಯಲ್ಲಿಟ್ಟುಕೊಂಡವರು ಎಷ್ಟೋ! ಅವರ ಹಾಡುಗಳನ್ನು ಅಚ್ಚಿಗೆ ತಂದವರು ಬೇರೆಯವರು.

2011ರ ಜನಗಣತಿಯ ವೇಳೆಗೆ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 68 ಮಂದಿ ಅಕ್ಷರಸ್ಥರು. ಉಳಿದವರನ್ನು ಕಾಣಲು ನಾವು ಊರಿಗೆ ಹೋಗಬೇಕಾಗಿಲ್ಲ. ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬಯಿ, ಪುಣೆಗಳ ಕಟ್ಟಡದ ಕೆಲಸಕ್ಕೆ ಬರುವ ನಮ್ಮ ಹೆಣ್ಣುಮಕ್ಕಳಲ್ಲಿ ಇಂದಿಗೂ ಎಷ್ಟೋ ಮಂದಿ ಹೆಬ್ಬೆಟ್ಟು ಒತ್ತುವವರೇ.