ಗುಲಾಬಿ ಹನಿ ಹೊಟ್ಟೆಗಿಳಿದ ಕಥೆ

ಪಿಯುಸಿ ಕೆಮಿಸ್ಟ್ರಿ ಲ್ಯಾಬ್ ನೆನಪಿದೆಯಾ? ಫ್ಲಾಸ್ಕಿಗೆ ಎರಡು ಹನಿ ಫಿನಾಲ್ಫ್ಥಲೀನ್ ಹಾಕಿ ಬ್ಯೂರೆಟ್ ಕೆಳಗೆ ಹಿಡಿದು, ಒಂದು ಹನಿ ಹೆಚ್ಚಾಗಿ ಕಡುಗುಲಾಬಿಯಾದರೆ ರೀಡಿಂಗ್ ಹೋಯ್ತು ಅಂತ ತಲೆ ಚಚ್ಚಿಕೊಂಡಿದ್ದು? ಅದೇ ವಸ್ತುವನ್ನು ಜನ ಸುಮಾರು 90 ವರ್ಷ ಮಲಬದ್ಧತೆಗೆ ನುಂಗಿದ್ದರು. ನನಗಿದು ಗೊತ್ತಾಗಿದ್ದು ಮೊನ್ನೆ, ಡಾಕ್ಟರು "ಎಷ್ಟು ತಿಂಗಳಿಂದ ಈ ಮಾತ್ರೆ ತಗೋತಿದ್ದೀರಿ?" ಅಂತ ಕೇಳಿ ನಾನು ಲೆಕ್ಕ ಹೇಳಲಾಗದೆ ಕೂತ ಮೇಲೆ.

1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬಾಯರ್ ಇದನ್ನು ತಯಾರಿಸಿದಾಗ ಹೊಟ್ಟೆಯ ಮಾತೇ ಇರಲಿಲ್ಲ. 1900ರ ಆಸುಪಾಸು ಹಂಗೇರಿಯಲ್ಲಿ ಕಲಬೆರಕೆ ವೈನಿನ ಕಾಟ. ಕಳಪೆ ವೈನಿಗೆ ಇದನ್ನು ಬೆರೆಸಿಟ್ಟರೆ, ಕ್ಷಾರ ಹಾಕಿದ ಕೂಡಲೇ ಬಣ್ಣ ಬಂದು ಸಿಕ್ಕಿಬೀಳುತ್ತೆ ಅನ್ನೋದು ಉಪಾಯ. ಕುಡಿದವರಿಗೆ ತೊಂದರೆಯಿಲ್ಲವೇ ಅಂತ ಬುಡಾಪೆಸ್ಟಿನ ಝೋಲ್ಟಾನ್ ವಾಮೊಶಿ ಪರೀಕ್ಷಿಸಿದ. ಉತ್ತರ ಬೇಗ ಸಿಕ್ಕಿತು: ಭೇದಿ!

ಹಂಗೇರಿಯಿಂದ ಅಮೆರಿಕಕ್ಕೆ ಹೋಗಿದ್ದ ಮ್ಯಾಕ್ಸ್ ಕಿಸ್ ಇದನ್ನು ಚಾಕೊಲೇಟಿನಲ್ಲಿ ಸೇರಿಸಿ 1906ರಲ್ಲಿ ಎಕ್ಸ್-ಲ್ಯಾಕ್ಸ್ ಶುರು ಮಾಡಿದ. ಹರಳೆಣ್ಣೆ ಕುಡಿದು ಬೆಳೆದವರಿಗೆ ಚಾಕೊಲೇಟ್ ಯಾಕೆ ಗೆದ್ದಿತು ಅಂತ ಬಿಡಿಸಿ ಹೇಳಬೇಕಿಲ್ಲ. (ನಮ್ಮಜ್ಜಿ ಕಾಫಿಗೆ ಬೆರೆಸಿ ಕೊಡ್ತಿದ್ರು. ಆಮೇಲೆ ವರ್ಷಗಟ್ಟಲೆ ನನಗೆ ಕಾಫಿ ಕಂಡರಾಗುತ್ತಿರಲಿಲ್ಲ.) ರುಚಿ ಬೇರೆಯಾದರೂ ಎರಡೂ ಮಾಡೋದು ಕರುಳನ್ನು ಕೆಣಕೋ ಕೆಲಸವೇ. ಇಸಬ್‌ಗೋಲ್ ಹಾಗಲ್ಲ, ನೀರು ಹೀರಿ ಉಬ್ಬಿ ಮಲವನ್ನು ಮೆತ್ತಗೆ ಮಾಡುತ್ತೆ, ನೀರು ಸಾಲದಿದ್ದರೆ ಅದೇ ಅಡ್ಡ ಕೂರುತ್ತೆ. ಕೆಣಕೋ ಔಷಧಿಯಿಂದ ಹೊಟ್ಟೆ ನುಲಿತ. ಅತಿಯಾದರೆ ನೀರಿನ ಜೊತೆ ಪೊಟ್ಯಾಷಿಯಂ ಹೊರಟು ಸುಸ್ತು, ಎದೆಬಡಿತವೂ ಏರುಪೇರು.

1990ರ ದಶಕದಲ್ಲಿ ಹೆಚ್ಚಿನ ಪ್ರಮಾಣದ ಫಿನಾಲ್ಫ್ಥಲೀನ್ ತಿಂದ ಪ್ರಯೋಗದ ಇಲಿಗಳಲ್ಲಿ ಗೆಡ್ಡೆಗಳು ಕಂಡವು. ಮನುಷ್ಯರಲ್ಲಿ ಗಟ್ಟಿ ಪುರಾವೆ ಇರಲಿಲ್ಲ. ಆದರೂ ಅಮೆರಿಕದ ಔಷಧ ನಿಯಂತ್ರಕರು 1999ರಲ್ಲಿ ಬಾಗಿಲು ಮುಚ್ಚಿದರು. ಸರಿಯಾಗೇ ಮಾಡಿದರು ಅನ್ನಿ. ಮಲಬದ್ಧತೆಗೆ ಬೇರೆ ಮದ್ದಿರುವಾಗ ಆ ರಿಸ್ಕ್ ಯಾಕೆ?

ಎಕ್ಸ್-ಲ್ಯಾಕ್ಸಿಗೆ ಆಮೇಲೆ ಬಂದದ್ದು ಸೆನ್ನ, ಅಂದರೆ ನಮ್ಮ ಸೋನಾಮುಖಿ. ಅದರ ಒಂದು ಬಗೆಗೆ ವ್ಯಾಪಾರದ ಹೆಸರೇ ತಿರುನಲ್ವೇಲಿಯದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದ ಮೇಲಷ್ಟೇ ಕೆಲಸ ಶುರು. 6ರಿಂದ 12 ಗಂಟೆ ಬೇಕು. ರಾತ್ರಿ ನುಂಗಿದರೆ ಬೆಳಿಗ್ಗೆ ಕ್ಯಾಬ್ ಬರೋ ಮುಂಚೆ ಕೆಲಸ ಆಗಿರುತ್ತೆ. ಇದೂ ಕೆಣಕೋ ಜಾತಿಯೇ, ದಿನಾ ತಿನ್ನೋಕಲ್ಲ.

ಮನೆಗೆ ಬಂದು ಡ್ರಾಯರಿನಲ್ಲಿದ್ದ ನನ್ನ ಸ್ಟ್ರಿಪ್ ತಿರುಗಿಸಿ ಓದಿದೆ. ಹಸಿರು ಎಲೆಯ ಚಿತ್ರ, ಕೆಳಗೆ ಸಣ್ಣಕ್ಷರದಲ್ಲಿ ಸೆನ್ನ. ಹತ್ತರಲ್ಲಿ ಎರಡೇ ಉಳಿದಿದ್ದವು.